ದ್ರಾಕ್ಷಿ ಚರಟದ ಟಾಕ್ಸಿನ್ ಬೈಂಡರ್: ಚೀಲದ ಮೇಲಿನ ಮಾತಲ್ಲಿ ಅರ್ಧ ನಿಜ

ಮೊದಲೇ ಹೇಳಿಬಿಡುತ್ತೇನೆ. ನೀವು ಹಾಲಿನ ಹಸು ಸಾಕುವವರಾಗಿದ್ದು, ಅಫ್ಲಾಟಾಕ್ಸಿನ್ (ಮೇವಿನ ಬೂಷ್ಟಿನಿಂದ ಹುಟ್ಟುವ ಒಂದು ವಿಷ) ಒಂದೇ ನಿಮ್ಮ ತಲೆನೋವಾಗಿದ್ದರೆ ಈ ದ್ರಾಕ್ಷಿ ಚರಟದ ಪುಡಿ ಕೊಳ್ಳಬಹುದು. ಹಂದಿ ಸಾಕುವವರು ಪೂರ್ತಿ ಓದಿ ಆಮೇಲೆ ದುಡ್ಡು ತೆಗೆಯಿರಿ.

ವೈನ್ ಮಾಡಿದ ಮೇಲೆ ಉಳಿಯುವ ಸಿಪ್ಪೆ, ಬೀಜ, ಒಂದಿಷ್ಟು ತೊಟ್ಟು ಇದರಲ್ಲಿವೆ. ಒಣಗಿಸಿ ನುಣ್ಣಗೆ ಬೀಸಿದ್ದಾರೆ. ಚೀಲ ಬಿಚ್ಚಿದರೆ ಹುಳಿ ವಾಸನೆ, ಬಣ್ಣ ಕಂದು ನೇರಳೆ. ಹಸುಗಳು ಶುರುವಿನಲ್ಲಿ ಮೂಗು ಮುರಿದವು. ಕಾಕಂಬಿ ಬೆರೆಸಿ ಹಿಂಡಿಯ ಜೊತೆ ಕಲಸಿದ ಮೇಲೆ ತಕರಾರಿಲ್ಲದೆ ತಿಂದವು. ವಿಷ ಹೊಟ್ಟೆಯಲ್ಲಿ ಈ ಪುಡಿಗೆ ಅಂಟಿಕೊಂಡು, ರಕ್ತಕ್ಕೆ ಸೇರದೆ ಸಗಣಿಯಲ್ಲಿ ಹೊರಗೆ ಹೋಗಬೇಕು. ಇಷ್ಟೇ ಇದರ ಕೆಲಸ.

ನಾನು ಇದನ್ನು ತಂದಿದ್ದು ಮೆಕ್ಕೆಜೋಳದಿಂದಾಗಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಳು ಸರಿಯಾಗಿ ಒಣಗಲಿಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ಅದರ ಪಿತ್ತಜನಕಾಂಗದಲ್ಲಿ ಎಂ1 ಆಗಿ ಬದಲಾಗುತ್ತದೆ, ಒಂದೇ ದಿನದಲ್ಲಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೆ ಹೋಗುವಂಥದ್ದಲ್ಲ. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ, ಯುರೋಪಿನದು 0.05. ನಮ್ಮ ಹಾಲು ಕೋಡೆಕ್ಸ್ ಮಿತಿಯನ್ನೂ ದಾಟಿತ್ತು.

ಪುಡಿ ಕೊಟ್ಟ ಮೇಲೆ ಲ್ಯಾಬ್ ವರದಿಯಲ್ಲಿ 0.5ರ ಕೆಳಗೆ ಬಂತು. 0.05ರ ಹತ್ತಿರಕ್ಕೂ ಹೋಗಲಿಲ್ಲ. ಬೇರೆ ಕಾರಣಕ್ಕೆ ಇಳಿದಿರಬಹುದು ಅಲ್ವಾ? ಅದಕ್ಕೇ ಅದೇ ಜೋಳವನ್ನು ಚೆನ್ನಾಗಿ ಬೆರೆಸಿಟ್ಟು, ಪುಡಿ ನಿಲ್ಲಿಸಿಯೂ ನೋಡಿದೆ. ಅಂಕಿ ಮತ್ತೆ ಏರಿತು. ಆ ಹಾಲನ್ನೆಲ್ಲ ಚೆಲ್ಲಿದೆ, ಮಾರಲಿಲ್ಲ. ನೀವೂ ಪರೀಕ್ಷೆ ಮಾಡಿಸುವುದಾದರೆ ಒಂದು ಹಿಡಿ ಕಾಳು ಕಳಿಸಬೇಡಿ. ಒಂದು ತೆನೆಯಲ್ಲಿ ವಿಷ ತುಂಬಿರುತ್ತದೆ, ಪಕ್ಕದ್ದು ಶುದ್ಧವಾಗಿರುತ್ತದೆ. ಮೂಟೆಯ ಹತ್ತು ಕಡೆಯಿಂದ ತೆಗೆದು, ಬೀಸಿ, ಬೆರೆಸಿ ಕಳಿಸಿ.

ಈಗ ಬೈಗುಳ. ಚೀಲದ ಮೇಲೆ 'ಎಲ್ಲ ಬಗೆಯ ಬೂಷ್ಟು ವಿಷಕ್ಕೂ ರಾಮಬಾಣ' ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಸುಳ್ಳು. ದ್ರಾಕ್ಷಿ ಚರಟ ಅಫ್ಲಾಟಾಕ್ಸಿನ್ ಮತ್ತು ಜಿಯರಲೆನೋನ್ ಅನ್ನುವ ಇನ್ನೊಂದು ಬೂಷ್ಟು ವಿಷವನ್ನು ಚೆನ್ನಾಗಿ ಹಿಡಿಯುತ್ತದೆ. ಓಕ್ರಾಟಾಕ್ಸಿನ್, ಫ್ಯುಮೋನಿಸಿನ್ ಅನ್ನುವ ಬೂಷ್ಟು ವಿಷಗಳನ್ನು ಎಷ್ಟು ಹಿಡಿಯುತ್ತದೆ ಅನ್ನುವುದು ಹೊಟ್ಟೆಯ ಹುಳಿ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಹಂದಿಗಳು ಮೇವು ಬಿಡುವಂತೆ, ವಾಂತಿ ಮಾಡುವಂತೆ ಮಾಡುವ ಡಾನ್ (ಡಿಆಕ್ಸಿನಿವಲೆನಾಲ್) ಅನ್ನುವ ಬೂಷ್ಟು ವಿಷವನ್ನಂತೂ ಇದು ಹಿಡಿಯುವುದೇ ಇಲ್ಲ. ಯಾವ ವಿಷಕ್ಕೆ ಪರೀಕ್ಷೆ ಮಾಡಿದ್ದೀರಿ ಅಂತ ಕಂಪನಿಯವರನ್ನು ಫೋನಿನಲ್ಲಿ ಕೇಳಿದೆ. 'ನ್ಯಾಚುರಲ್ ಪ್ರಾಡಕ್ಟ್ ಸರ್' ಅಂದರು. ಅಫ್ಲಾಟಾಕ್ಸಿನ್ ಕೂಡ ನ್ಯಾಚುರಲ್ಲೇ! 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಪುಡಿಯಲ್ಲೇ ವಿಷ ಇಲ್ಲ ಅನ್ನುವುದಕ್ಕೆ ವರದಿ ಎಲ್ಲಿ? ಒದ್ದೆ ಚರಟಕ್ಕೆ ಬೂಷ್ಟು ಹಿಡಿಯಲು ಹೊತ್ತು ಬೇಕಿಲ್ಲ, ದ್ರಾಕ್ಷಿಯಲ್ಲಿ ಓಕ್ರಾಟಾಕ್ಸಿನ್ ಹೊಸದೂ ಅಲ್ಲ. ದ್ರಾಕ್ಷಿ ಬಳ್ಳಿಗೆ ತಾಮ್ರದ ಔಷಧಿ ಹೊಡೆಯುತ್ತಾರೆ. ಕುರಿಗೆ ತಾಮ್ರ ಜಾಸ್ತಿಯಾದರೆ ಪ್ರಾಣಕ್ಕೇ ಕುತ್ತು ಬರುತ್ತದೆ. ವರದಿ ನೋಡದೆ ಕುರಿ ಮೇವಿಗೆ ಹಾಕಬೇಡಿ. ನಾನು ಪಟ್ಟು ಹಿಡಿದ ಮೇಲೆ ವರದಿ ಕಳಿಸಿದರು. ಚೆನ್ನಾಗಿಯೇ ಇತ್ತು. ಚೀಲದ ಜೊತೆಗೇ ಕೊಡೋಕೆ ಏನು ಕಷ್ಟ?

ಇದೇ ಕೆಲಸಕ್ಕೆ ಬಳಸುವ ಬೆಂಟೊನೈಟ್ ಜೇಡಿಮಣ್ಣಿಗೆ ಹೋಲಿಸಿದರೆ ಇದನ್ನು ಜಾಸ್ತಿ ಹಾಕಬೇಕು. ಅಫ್ಲಾಟಾಕ್ಸಿನ್ ಹಿಡಿಯುವುದರಲ್ಲಿ ಮಣ್ಣೇ ಗಟ್ಟಿ, ಯುರೋಪು 2013ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಜಿಯರಲೆನೋನ್ ವಿಷಯದಲ್ಲಿ ಮಣ್ಣು ಸೋಲುತ್ತದೆ, ಚರಟ ಗೆಲ್ಲುತ್ತದೆ. ಕೃಷಿ ಕಸ ಸುಟ್ಟು ಮಾಡುವ ಇದ್ದಿಲ ಪುಡಿಗಳೂ ಸಿಗುತ್ತವೆ. ಅವು ವಿಷದ ಜೊತೆ ವಿಟಮಿನ್ನುಗಳನ್ನೂ ಎಳೆದುಕೊಳ್ಳುತ್ತವೆ ಅನ್ನುವುದು ನನಗೆ ಹಿಡಿಸಲಿಲ್ಲ. ಚರಟವೂ ಪೂರ್ತಿ ಸಾಧುವಲ್ಲ. ಇದರ ಟ್ಯಾನಿನ್ (ಸಿಪ್ಪೆ, ಬೀಜದಲ್ಲಿರುವ ಒಗರು ಅಂಶ) ಜಾಸ್ತಿಯಾದರೆ ಮೇವಿನ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಕೈಗೆ ಬಂದಷ್ಟು ಸುರಿಯುವ ಹಾಗಿಲ್ಲ. ಹೀಗಿದ್ದೂ ಚೀಲದಲ್ಲಿ ಅಳತೆಯ ಚಮಚ ಇಲ್ಲ, 'ಬೇಕಾದಷ್ಟು ಬೆರೆಸಿ' ಅಂತ ಬರೆದಿದ್ದಾರೆ.

5ಕ್ಕೆ 3 ಅಂಕ. ಕಾಳು ಚೆನ್ನಾಗಿ ಒಣಗಿದ ವರ್ಷ ನಾನಂತೂ ಇದನ್ನು ತರುವುದಿಲ್ಲ.