ತಗಡಿನ ಕೂಲರ್ ಜೊತೆ ಏಳು ಬೇಸಿಗೆ: ಕಲಬುರಗಿಯ ನಮ್ಮ ಮನೆಯ ಅನುಭವ

2018ರ ಮಾರ್ಚ್‌ನಲ್ಲಿ, ಶರಣಬಸವೇಶ್ವರರ ಜಾತ್ರೆ ಮುಗಿದ ಮರುವಾರ, ಕಲಬುರಗಿಯ ಅಂಗಡಿಯೊಂದರಿಂದ 6,800 ರೂಪಾಯಿ ಕೊಟ್ಟು ಒಂದು ತಗಡಿನ ಕೂಲರ್ ತಂದೆವು. ಅದಕ್ಕೆ ಕಂಪನಿಯ ಹೆಸರಿಲ್ಲ, ವಾರಂಟಿ ಕಾರ್ಡೂ ಇಲ್ಲ. ಅಂಗಡಿಯವರೇ ಹಿಂದಿನ ಶೆಡ್ಡಿನಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಕತ್ತರಿಸಿ, ರಿವೆಟ್ ಹೊಡೆದು, ಬಣ್ಣ ಬಳಿದು ನಿಲ್ಲಿಸಿದ್ದು. 18 ಇಂಚಿನ ಎಕ್ಸಾಸ್ಟ್ ಫ್ಯಾನು, ನೀರೆತ್ತುವ ಒಂದು ಪುಟ್ಟ ಪಂಪು, ಮೂರು ಕಡೆ ಕಟ್ಟಿಗೆ ನಾರಿನ ಹುಲ್ಲು ತುಂಬಿದ ಜಾಲರಿ ಬಾಗಿಲು, ಕೆಳಗೆ ಸುಮಾರು 60 ಲೀಟರ್ ನೀರು ಹಿಡಿಯುವ ತೊಟ್ಟಿ, ಇಷ್ಟೇ ಅದರ ಒಡಲು. ಏಳು ಬೇಸಿಗೆ ಅದು ನಮ್ಮೊಡನೆ ಕಳೆದಿದೆ. ಈಗ 2025ರಲ್ಲಿ ಎಂಟನೆಯ ಬೇಸಿಗೆಗೆ ಅದನ್ನು ಸಜ್ಜುಗೊಳಿಸಿದ ಬೆನ್ನಲ್ಲೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ, ಏಕೆಂದರೆ ಕೂಲರ್ ತಂದ ಮೊದಲ ತಿಂಗಳ ಸಂತೋಷದಲ್ಲಿ ಬರೆಯುವ ಮಾತಿಗೂ, ತುಕ್ಕು, ಸವಳು, ಪಂಪಿನ ಸಾವು ಎಲ್ಲವನ್ನೂ ಕಂಡ ಮೇಲೆ ಬರೆಯುವ ಮಾತಿಗೂ ಬಹಳ ವ್ಯತ್ಯಾಸವಿದೆ.

ನಮ್ಮದು ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಸಂಜೆಯಾದ ಮೇಲೆ ಆ ಕಾವನ್ನು ಕೆಳಗೆ ಬಿಡಲು ಆರಂಭಿಸುತ್ತದೆ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ನಮ್ಮ ಮಾವನವರು ಸೇಡಂ ಕಡೆಯ ಹಳ್ಳಿಯಲ್ಲಿ ದಪ್ಪ ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯಲ್ಲಿ ಬದುಕಿದವರು. ಆ ಮನೆಯಲ್ಲಿ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಂತೆ ತಂಪು. ಅವರು ನಮ್ಮ ಬಳಿ ಬಂದಿದ್ದು 2017ರಲ್ಲಿ. ಮೊಣಕಾಲು ನೋವಿನಿಂದ ರಾತ್ರಿ ಮಾಳಿಗೆ ಹತ್ತಿ ಮಲಗಲು ಆಗದೆ, ಆ ಬೇಸಿಗೆಯುದ್ದಕ್ಕೂ ಒದ್ದೆ ಪಂಚೆಯನ್ನು ಎದೆಯ ಮೇಲೆ ಹಾಕಿಕೊಂಡು ಕುಳಿತೇ ಬೆಳಗು ಮಾಡುತ್ತಿದ್ದರು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ನನ್ನ ಯಜಮಾನರು ಸರಿಯಾಗಿ ಬಿಸಿಲು ನೆತ್ತಿಯ ಮೇಲಿರುವ ಹೊತ್ತಿಗೆ ಮನೆಗೆ ಬರುತ್ತಾರೆ, ಮಕ್ಕಳಿಗೂ ರಜೆ. ಹೀಗೆ ಮನೆಮಂದಿಯೆಲ್ಲ ದಿನದ ಅತ್ಯಂತ ಕೆಟ್ಟ ಹೊತ್ತನ್ನು ಒಂದೇ ಪಡಸಾಲೆಯಲ್ಲಿ ಕಳೆಯಬೇಕಾಗಿದ್ದುದೇ ಈ ಖರೀದಿಗೆ ಕಾರಣ.

ಕೂಲರ್ ತಂಪು ಮಾಡುವುದು ನಮ್ಮ ಮಣ್ಣಿನ ಗಡಿಗೆ ನೀರು ತಂಪು ಮಾಡುವ ರೀತಿಯಲ್ಲಿಯೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು, ಆ ಶಾಖವನ್ನು ಅದು ಹಾದುಹೋಗುವ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಲಾಭ. ಹೊರಗೆ 42 ಡಿಗ್ರಿ ಇದ್ದು ಗಾಳಿಯ ಆರ್ದ್ರತೆ ಶೇ. 15ರಷ್ಟಿದ್ದರೆ, ಸುಸ್ಥಿತಿಯಲ್ಲಿರುವ ಕೂಲರ್‌ನಿಂದ ಸುಮಾರು 28 ಡಿಗ್ರಿಯ ಗಾಳಿ ಬರಬಲ್ಲದು. ನಾನೇ ಒಂದು ಥರ್ಮಾಮೀಟರ್ ಕೊಂಡು ಫ್ಯಾನಿನ ಎದುರು ಹಿಡಿದು ನೋಡಿದಾಗ, ಮೇ ತಿಂಗಳ ಮಧ್ಯಾಹ್ನಗಳಲ್ಲಿ 28ರಿಂದ 30ರ ನಡುವೆ ತೋರಿಸಿದೆ. ಪಡಸಾಲೆಯ ಇನ್ನೊಂದು ಮೂಲೆಯಲ್ಲಿ 32 ಅಥವಾ 33. ಕಲಬುರಗಿ, ರಾಯಚೂರು, ಯಾದಗಿರಿಗಳಂಥ ಒಣ ಊರುಗಳಲ್ಲಿ ಈ ಯಂತ್ರ ಸಾರ್ಥಕವಾಗುವುದು ಈ ಕಾರಣಕ್ಕೆ. ಮಂಗಳೂರಿನಲ್ಲಿರುವ ನನ್ನ ತಂಗಿ ತಾನೂ ಒಂದು ಕೊಳ್ಳಲೇ ಎಂದು ಕೇಳಿದಾಗ ಖಂಡಿತ ಬೇಡ ಎಂದೆ. ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ಕೂಲರ್ ಮನೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆಯೇ ಹೊರತು ತಂಪು ಮಾಡುವುದಿಲ್ಲ.

ಮೊದಲ ಬೇಸಿಗೆಯಲ್ಲಿ ನಾವು ದೊಡ್ಡ ತಪ್ಪೊಂದನ್ನು ಮಾಡಿದೆವು. ಕೂಲರನ್ನು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿ, ತಂಪು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದೆವು. ಅರ್ಧ ಗಂಟೆ ಹಿತವಾಗಿತ್ತು, ಆಮೇಲೆ ಮೈಯೆಲ್ಲ ಅಂಟಂಟಾಗಿ, ಹಾಸಿಗೆ ಹಸಿಯಾಗಿ, ಗೋಡೆಯ ಕ್ಯಾಲೆಂಡರ್ ಕೂಡ ಮುದುರಿಕೊಂಡಿತು. ಒಳಗಿನ ಹಸಿ ಗಾಳಿಯನ್ನೇ ಮತ್ತೆ ಮತ್ತೆ ಹೀರಿದರೆ ಅದು ಇನ್ನೆಷ್ಟು ನೀರನ್ನು ಕುಡಿದೀತು? ಎರಡನೆಯ ಬೇಸಿಗೆಗೆ ವೆಲ್ಡಿಂಗ್ ಮಾಡುವವರಿಂದ 1,400 ರೂಪಾಯಿಗೆ ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ, ಕೂಲರನ್ನು ಉತ್ತರದ ಕಿಟಕಿಯ ಹೊರಗೆ, ಬಿಸಿಲು ತಡೆಯುವ ಸಜ್ಜಾ ಚಾಚಿನ ಕೆಳಗೆ ಕೂರಿಸಿ, ಬಾಯಿಯನ್ನು ಮಾತ್ರ ಒಳಗೆ ತಿರುಗಿಸಿದೆವು. ಎದುರಿಗಿರುವ ಅಡುಗೆಮನೆಯ ಕಿಟಕಿಯನ್ನು ಒಂದು ಗೇಣು ತೆರೆದಿಡುವುದನ್ನು ಅಂದಿನಿಂದ ಇಂದಿನವರೆಗೆ ತಪ್ಪಿಸಿಲ್ಲ. ಅದೇ ಯಂತ್ರ, ಅದೇ ಹುಲ್ಲು. ಆದರೆ ಬೇರೆ ಕೂಲರ್ ತಂದಂತಾಯಿತು. ನಮ್ಮ ಕೂಲರ್ ತಂಪೇ ಮಾಡುವುದಿಲ್ಲ ಎಂದು ದೂರುವ ನೆಂಟರ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಹೊರಗಿನ ಗಾಳಿ ಬರಲು ಹಾದಿ ಇದೆಯೇ, ಒಳಗಿನ ಗಾಳಿ ಹೋಗಲು ಹಾದಿ ಇದೆಯೇ ಎಂಬುದನ್ನು, ಮತ್ತು ಬಹುಪಾಲು ಸಲ ರೋಗ ಅಲ್ಲಿಯೇ ಇರುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೋದ ಮೇಲೆ ಬರುವ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಕೂಲರ್ ತೊಳೆಯುವ ದಿನ. ಅದೇ ದಿನ ಅತ್ತೆಯವರು ಮಾಳಿಗೆಯ ಮೇಲೆ ಸಂಡಿಗೆಯ ಹಿಟ್ಟು ಹಾಕುವುದರಿಂದ ಮನೆ ಎರಡು ಪಾಳಯವಾಗುತ್ತದೆ: ಮೇಲೆ ಸಂಡಿಗೆ, ಕೆಳಗೆ ಕೂಲರ್. ಮೂರೂ ಜಾಲರಿಗಳನ್ನು ಬಿಚ್ಚಿ ಅಂಗಳಕ್ಕೆ ತಂದು ಹಳೆಯ ಹುಲ್ಲನ್ನು ಕಿತ್ತರೆ, ಒಂದು ವರ್ಷದ ಧೂಳು ಗಟ್ಟಿಯಾಗಿ ಕಡಬಿನ ಹೂರಣದಂತೆ ಉಂಡೆ ಉಂಡೆಯಾಗಿ ಬರುತ್ತದೆ. ನೀರಿನ ತೊಟ್ಟಿಯ ತಳದಲ್ಲಿ ಬೆರಳುದ್ದದ ಬಿಳಿ ಪೊರೆಗಳು ಕಟ್ಟಿರುತ್ತವೆ. ಮೇಲಿನಿಂದ ನೀರು ಇಳಿಬಿಡುವ ಕೊಳವೆಯ ಸಣ್ಣ ಸಣ್ಣ ತೂತುಗಳಲ್ಲಿ ಅರ್ಧದಷ್ಟು ಮುಚ್ಚಿಹೋಗಿರುತ್ತವೆ. ಅವುಗಳನ್ನು ಮಗ ಒಂದು ಗೋಣಿದಬ್ಬಳದಿಂದ ಒಂದೊಂದಾಗಿ ತೆರೆಯುತ್ತಾನೆ. ಈ ಕೆಲಸ ನೋಡಲು ಸಣ್ಣದಾದರೂ ಅದನ್ನು ಬಿಟ್ಟರೆ ಹುಲ್ಲಿನ ಒಂದು ಭಾಗಕ್ಕೆ ನೀರು ಇಳಿಯುವುದೇ ಇಲ್ಲ, ಆ ಒಣ ಜಾಗದಿಂದ ಬಿಸಿ ಗಾಳಿ ನೇರವಾಗಿ ಒಳಗೆ ನುಗ್ಗಿ ಉಳಿದ ತಂಪನ್ನೂ ಕೆಡಿಸುತ್ತದೆ. ತೊಳೆದು ಒಣಗಿಸಿದ ತೊಟ್ಟಿಗೆ ಒಳಗಡೆ ಒಂದು ಕೈ ಡಾಂಬರು ಬಣ್ಣ ಹೊಡೆಯುತ್ತೇವೆ. ಸಂಜೆಯ ಹೊತ್ತಿಗೆ ಹೊಸ ಹುಲ್ಲು ಹಾಕಿ ಮೊದಲ ಸಲ ನೀರು ಬಿಟ್ಟಾಗ ಬರುವ ಹಸಿ ಕಟ್ಟಿಗೆಯ ವಾಸನೆ ಮನೆಯೆಲ್ಲ ತುಂಬಿಕೊಳ್ಳುತ್ತದೆ, ಮಾವನವರು ಕುರ್ಚಿಯನ್ನು ಅದರ ಎದುರಿಗೆ ಎಳೆದುಕೊಂಡು ಕೂರುತ್ತಾರೆ. ನನಗೆ ಬೇಸಿಗೆ ಆರಂಭವಾಗುವುದು ಆ ಗಳಿಗೆಯಲ್ಲಿ.

ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಉಪ್ಪೆಲ್ಲ ತೊಟ್ಟಿಯಲ್ಲಿಯೇ ಉಳಿದು ದಿನದಿಂದ ದಿನಕ್ಕೆ ದಟ್ಟವಾಗುತ್ತದೆ. ಮೊದಲ ಮೂರು ವರ್ಷಗಳಲ್ಲಿ ಎರಡು ಪಂಪುಗಳು ಸತ್ತಿದ್ದು ಇದರಿಂದಲೇ. ಈಗ ವಾರಕ್ಕೊಮ್ಮೆ ಉಳಿದ ನೀರನ್ನು ಪೂರ್ತಿ ಚೆಲ್ಲಿ ಹೊಸ ನೀರು ತುಂಬುತ್ತೇವೆ, ತಿಂಗಳಿಗೊಮ್ಮೆ ಪಂಪನ್ನು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕದಡಿದ ನೀರಿನಲ್ಲಿ ಒಂದು ತಾಸು ನೆನೆಸಿಡುತ್ತೇವೆ. 2021ರಲ್ಲಿ ಹಾಕಿದ ಪಂಪು ಇನ್ನೂ ನಡೆಯುತ್ತಿದೆ. ಒಂದು ವರ್ಷ ಜೇನುಗೂಡಿನಂಥ ಪ್ಯಾಡುಗಳನ್ನು ಹಾಕಿಸಿಯೂ ನೋಡಿದೆವು. ಮೂರು ನಾಲ್ಕು ವರ್ಷ ಬಾಳಿಕೆ ಬರುತ್ತವೆ ಎಂದು ಅಂಗಡಿಯವರು ಹೇಳಿದ್ದರು, ತಂಪೂ ಚೆನ್ನಾಗಿತ್ತು, ಆದರೆ ನಮ್ಮ ನೀರಿಗೆ ಎರಡನೆಯ ಬೇಸಿಗೆಯಲ್ಲಿಯೇ ಅವುಗಳ ಗೂಡುಗಳು ಸುಣ್ಣ ಕಟ್ಟಿ ಗಾಳಿ ಹಾಯದಂತಾದವು. ಸಿಹಿ ನೀರು ಸಿಗುವವರಿಗೆ ಜೇನುಗೂಡು ಪ್ಯಾಡು ಒಳ್ಳೆಯದು. ನಮಗೆ ಪ್ರತಿ ವರ್ಷ 300 ರೂಪಾಯಿಯೊಳಗೆ ಬದಲಾಯಿಸಬಹುದಾದ ಹುಲ್ಲೇ ಲೇಸು. ಅತ್ತೆಯವರ ಇಷ್ಟದಂತೆ ಹುಲ್ಲಿನ ನಡುವೆ ಒಂದು ಹಿಡಿ ಲಾವಂಚದ ಬೇರನ್ನೂ ಸೇರಿಸುತ್ತೇವೆ. ಅದರಿಂದ ತಂಪೇನೂ ಹೆಚ್ಚುವುದಿಲ್ಲ, ಘಮ ಮಾತ್ರ ನಿಜ.

ಈಗ ಹೇಳಬೇಕಾದದ್ದು ಈ ವಿಮರ್ಶೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ, ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ಒರೆಸಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೂಲರ್‌ನ ತಗಡನ್ನು ಮುಟ್ಟಿದಳು. ಕೈ ಜುಮ್ ಎಂದಿತೆಂದು ಕಿರುಚಿ ಹಿಂದಕ್ಕೆ ಸರಿದಳು. ದೇವರ ದಯೆಯಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ, ಆದರೆ ಅಂದು ನನ್ನ ಕೈಕಾಲು ನಡುಗಿದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಹನ್ನೊಂದು ದಿನ ಕೂಲರನ್ನು ಮುಟ್ಟಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿದಾಗ, ಪಂಪಿನ ವೈರಿನ ಸಿಪ್ಪೆ ಬಿರುಕು ಬಿಟ್ಟಿರುವುದೂ, ಕೂಲರ್‌ಗೆ ಮೂರು ಪಿನ್ನಿನ ಪ್ಲಗ್ ಇದ್ದರೂ ಗೋಡೆಯ ಸಾಕೆಟ್ಟಿನಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತೂತಿಗೆ ಮನೆ ಕಟ್ಟಿದಾಗಿನಿಂದಲೂ ವೈರನ್ನೇ ಜೋಡಿಸಿಲ್ಲದಿರುವುದೂ ಗೊತ್ತಾಯಿತು. ಹೊರಗಿನಿಂದ ನೋಡಿದರೆ ಆ ಸಾಕೆಟ್ಟಿನಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಅರ್ಥಿಂಗ್ ಸರಿಪಡಿಸಿ, 30 ಮಿಲಿ ಆಂಪಿಯರ್ ಸೋರಿಕೆಗೆ ತಾನಾಗಿಯೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಆ ಖರ್ಚು ಕೂಲರ್ ಬೆಲೆಯ ಅರ್ಧದಷ್ಟಾಯಿತು. ತಗಡಿನ ಕೂಲರ್ ಕೊಳ್ಳುವ ಪ್ರತಿಯೊಬ್ಬರಲ್ಲಿಯೂ ನನ್ನ ಕಳಕಳಿಯ ವಿನಂತಿ: ನೀರು ತುಂಬುವ ಮೊದಲು ನಿಮ್ಮ ಸಾಕೆಟ್ಟಿನ ಅರ್ಥಿಂಗನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ನೀರು ಹಾಕುವಾಗ, ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಪ್ಲಾಸ್ಟಿಕ್ ಒಡಲಿನ ಕೂಲರ್‌ಗಳಲ್ಲಿ ಈ ಭಯ ಕಡಿಮೆ; ಚಿಕ್ಕ ಮಕ್ಕಳಿರುವ ಮನೆಗೆ ಅದೇ ಮೇಲೆಂದು ನಾನೀಗ ಹೇಳುತ್ತೇನೆ, ಅದರ ಗಾಳಿ ತಗಡಿನ ಕೂಲರ್‌ನಷ್ಟು ದೂರ ಬೀಸದಿದ್ದರೂ ಚಿಂತೆಯಿಲ್ಲ.

ಕರೆಂಟಿನ ಖರ್ಚಿನಲ್ಲಿ ನಮಗೆ ಪೂರ್ಣ ಸಮಾಧಾನವಿದೆ. ಫ್ಯಾನು ಮತ್ತು ಪಂಪು ಸೇರಿ ಸುಮಾರು 200 ವ್ಯಾಟ್ ಎಳೆಯುತ್ತವೆ, ಅಂದರೆ ಹತ್ತು ತಾಸು ನಡೆದರೆ ಎರಡು ಯೂನಿಟ್. ಒಂದೂವರೆ ಟನ್ ಎಸಿ ಅಷ್ಟೇ ಹೊತ್ತಿಗೆ ಅದರ ನಾಲ್ಕೈದು ಪಟ್ಟು ಬೇಡುತ್ತದೆ. 2023ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲಿಯೇ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಯೂನಿಟ್ ಗೊತ್ತುಮಾಡಿದರು. ನಮಗೆ ಬಂದದ್ದು 121 ಯೂನಿಟ್. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್‌ನಿಂದ ಬಳಕೆ 150ರ ಆಸುಪಾಸಿಗೆ ಏರುತ್ತದೆ, ಹೆಚ್ಚಾದ ಯೂನಿಟ್‌ಗಳಿಗಷ್ಟೇ ಹಣ ಕಟ್ಟುತ್ತೇವೆ. ಎಸಿ ಹಾಕಿದ್ದರೆ 200 ಯೂನಿಟ್ ದಾಟಿ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತಿತ್ತು.

ನೀರಿನ ಲೆಕ್ಕ ಅಷ್ಟು ಹಗುರವಲ್ಲ. ಮೇ ತಿಂಗಳ ಮಧ್ಯಾಹ್ನ ತಾಸಿಗೆ ಹತ್ತು ಹನ್ನೆರಡು ಲೀಟರ್ ಕುಡಿಯುತ್ತದೆ, ದಿನಕ್ಕೆ ನೂರು ಲೀಟರ್ ಎಂದು ಹಿಡಿಯಬೇಕು. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ನಾವು ತರಕಾರಿ ತೊಳೆದ ನೀರನ್ನು ಕೂಲರ್‌ಗೆ ಹಾಕಿ ನೋಡಿದೆವು, ಎರಡು ದಿನಕ್ಕೇ ದುರ್ವಾಸನೆ ಹಿಡಿಯಿತು, ಹಾಗೆ ಮಾಡಬಾರದು. ವಾರಕ್ಕೊಮ್ಮೆ ನೀರು ಚೆಲ್ಲುವಾಗ ತೊಟ್ಟಿಯ ಬದಿಗಳನ್ನು ಬ್ರಷ್‌ನಿಂದ ಉಜ್ಜಿ ಒಣಗಿಸುವುದೂ ಕಡ್ಡಾಯ, ಏಕೆಂದರೆ ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನ ಅಂಚಿನಲ್ಲಿಯೇ ಮೊಟ್ಟೆ ಅಂಟಿಸುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ವಾರ ಹತ್ತು ದಿನ ಸಾಕು. ಚೆಲ್ಲಿದ ನೀರು ಅಂಗಳ ತೊಳೆಯಲು ಆಗುತ್ತದೆ; ಉಪ್ಪು ಹೆಚ್ಚಿರುವುದರಿಂದ ಗಿಡಗಳಿಗೆ ಹಾಕುವುದಿಲ್ಲ.

ಶಬ್ದದ ಬಗ್ಗೆಯೂ ಮುಚ್ಚಿಡುವುದಿಲ್ಲ. ಫ್ಯಾನು ಜೋರಾಗಿ ಹಾಕಿದರೆ ಟಿವಿ ಕೇಳಿಸುವುದಿಲ್ಲ, ಕಳೆದ ವರ್ಷ ಮಗ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವಾಗ ಹಿಂದಿನ ಕೋಣೆಗೆ ಹೋಗಿ ಬೆವರುತ್ತಲೇ ಕೂರಬೇಕಾಯಿತು. 2022ರಲ್ಲಿ ಫ್ಯಾನು ತೆವಳಿದಂತೆ ತಿರುಗತೊಡಗಿದಾಗ ಮೋಟಾರು ಸುಟ್ಟಿತೆಂದು ಹೆದರಿದ್ದೆವು. ಕೆಪಾಸಿಟರ್ ಬದಲಾಯಿಸಿದರೆ ಸರಿಹೋಯಿತು. ಜೂನ್‌ನಲ್ಲಿ ಮಳೆ ಎರಡು ಸಲ ಹದವಾಗಿ ಬಿದ್ದ ಮೇಲೆ ಪಂಪು ಆರಿಸಿ ಬರೀ ಫ್ಯಾನು ನಡೆಸುತ್ತೇವೆ, ಆಮೇಲೆ ಅದನ್ನೂ ನಿಲ್ಲಿಸಿ, ಒಣಗಿಸಿ, ಹಳೆಯ ತಾಡಪತ್ರಿ ಹೊದಿಸುತ್ತೇವೆ.

ಮುಂದಿನ ವರ್ಷವೂ ಇದನ್ನೇ ಇಟ್ಟುಕೊಳ್ಳುತ್ತೇವೆಯೇ ಎಂದು ಕೇಳಿದರೆ, ಹೌದು, ತೊಟ್ಟಿ ತಡೆದರೆ. ಈ ಸಲ ತೊಳೆಯುವಾಗ ಬಲಗಡೆಯ ಮೂಲೆಯಲ್ಲಿ ತುಕ್ಕು ತಿಂದು ಕಡಲೆಕಾಳಿನಷ್ಟು ತೂತು ಬಿದ್ದದ್ದು ಕಂಡಿತು. ಎಂ-ಸೀಲ್ ಮೆತ್ತಿ, ಅದರ ಮೇಲೆ ತಗಡಿನ ತೇಪೆ ಕೂರಿಸಿ, ಡಾಂಬರು ಹೊಡೆದಿದ್ದೇವೆ. ಹೊಸ ತೊಟ್ಟಿಯನ್ನೇ ಮಾಡಿಸಲು ತಗಡಿನ ಕೆಲಸದವರು 1,600 ರೂಪಾಯಿ ಹೇಳಿದ್ದಾರೆ. ಕಂಪನಿಯ ಕೂಲರ್ ಆಗಿದ್ದರೆ ಈ ವಯಸ್ಸಿನಲ್ಲಿ ಅದರ ಬಿಡಿಭಾಗ ಹುಡುಕುತ್ತ ತಿರುಗಬೇಕಿತ್ತು. ತೇಪೆ ಹಾಕಿ ಇಂದಿಗೆ ಒಂಬತ್ತು ದಿನ. ಪ್ರತಿ ಬೆಳಿಗ್ಗೆ ಮಾವನವರು ಕೋಲೂರಿಕೊಂಡು ಹೊರಗೆ ಹೋಗಿ, ಸ್ಟ್ಯಾಂಡಿನ ಕೆಳಗಿನ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿ, ಒಣಗಿದೆ ಎಂದು ಒಳಗೆ ಬಂದು ಹೇಳುತ್ತಾರೆ.