"ಲಕ್ಷದ್ವೀಪದ ಫ್ರೆಶ್ ಟ್ಯೂನಾ" ಅಂತ ಬಳ್ಳಾರ್ಯಾಗ ಮಾರ್ತಿದಾರೆ, ತಗೊಬ್ಯಾಡ್ರಿ

ಬಳ್ಳಾರಿ ವಾಟ್ಸಾಪ್ ಗ್ರೂಪುಗಳಾಗ ಮೀನು ಆರ್ಡರ್ ಮಾಡೋರು ಇದನ್ನ ಓದಿಬಿಡ್ರಿ. ಜುಲೈನಾಗ ಒಂದು ಆ್ಯಡ್ ಬಂತು, ತೆಂಗಿನಮರ, ನೀಲಿ ನೀರು, ದೋಣಿ ತುದೀಗೆ ನಿಂತು ಗಾಳದ ಕೋಲು ಹಿಡ್ಕಂಡಿರೋ ಹುಡುಗ್ರು, ಕೆಳಗೆ "ನಿನ್ನೆ ಹಿಡಿದ ಮೀನು ನಾಳೆ ನಿಮ್ ಮನೆ ಬಾಗಿಲಿಗೆ". ಡ್ಯಾಮಿನ ಕಾಟ್ಲಾ, ರೋಹು ತಿಂದು ಬೇಜಾರಾದೋರಿಗೆ ಇಷ್ಟು ಸಾಕಲ್ಲ, ನಮ್ ಭಾವ ತರ್ಸೇಬಿಟ್ರು.

ಮೀನು ನೋಡಾಕೆ ಚೆನ್ನಾಗೇ ಇತ್ತು, ಅದೇ ತೊಂದ್ರೆ. ಕೆಟ್ಟ ವಾಸ್ನೆ ಇಲ್ಲ, ಪೀಸ್ ಕೆಂಪಗೆ. ಅಕ್ಕ ಹುಣಸೆಹುಳಿ ಹಾಕಿ ಸಾರು ಮಾಡಿದ್ಲು, ತಿನ್ನುವಾಗ ನಾಲಿಗೆ ಚುರುಚುರು ಅಂತಿತ್ತು, ಗುಂಟೂರು ಖಾರ ಜಾಸ್ತಿ ಹಾಕೀಯ ಅಂತ ಎಲ್ರೂ ಅವಳನ್ನೇ ಬೈದ್ರು ಪಾಪ. ಸ್ವಲ್ಪ ಹೊತ್ತಿಗೆ ಭಾವನ ಮುಖ, ಕುತ್ತಿಗೆ ಎಲ್ಲಾ ಕೆಂಪು, ಮೈತುಂಬ ದದ್ದು, ತಲೆ ಸಿಡಿತ, ಎದೆ ಢವಢವ, ಅಮ್ಮಂಗೆ ವಾಂತಿ ಭೇದಿ. ರಾತ್ರೋರಾತ್ರಿ ಆಸ್ಪತ್ರೆ.

ಡಾಕ್ಟ್ರು ಏನ್ ತಿಂದ್ರಿ ಅಂತ ಕೇಳಿ ಟ್ಯೂನಾ ಅಂದ ತಕ್ಷಣ ಹಿಡ್ಕಂಡ್ರು. ಇದು ಅಲರ್ಜಿ ಅಲ್ಲ, ಮೀನಿನಾಗ ಹಿಸ್ಟಮಿನ್ ಅಂತ, ಅಲರ್ಜಿ ಥರಾನೇ ಮೈ ಕೆಂಪು ಮಾಡೋ ರಾಸಾಯನಿಕ ಕೂಡಿರ್ತದೆ ಅಂದ್ರು. ಟ್ಯೂನಾ, ಬಂಗುಡೆ, ಬೂತಾಯಿ ಇಂಥ ಮೀನನ್ನ ಹಿಡಿದ ಕೂಡ್ಲೇ ಐಸಿಗೆ ಹಾಕ್ದೆ ಸೆಕೆಯಾಗ ಬಿಟ್ರೆ ಬ್ಯಾಕ್ಟೀರಿಯಾ ಅದನ್ನ ಹುಟ್ಟಿಸ್ತಾವಂತೆ, ಒಂದ್ಸಲ ಹುಟ್ಟಿದ್ರೆ ಎಷ್ಟು ಕುದ್ಸಿದ್ರೂ, ಹುರಿದ್ರೂ, ಫ್ರೀಜರ್ ನಾಗ ಇಟ್ರೂ ಹೋಗಲ್ಲ. ನಾಲಿಗೆ ಚುರುಗುಟ್ಟಿದ್ದು ಮೆಣಸಿನಕಾಯಿಗಲ್ಲ ಅಂತ ಗೊತ್ತಾದ ಮ್ಯಾಲೆ ಅಕ್ಕ ಭಾವನ್ನ ಬಿಟ್ಟಿಲ್ಲ, ಅದು ಬೇರೆ ಕಥೆ.

ಈಗ ಆ್ಯಡ್ ವಿಷಯಕ್ಕೆ ಬರ್ರಿ. ಫೋಟೋ ಸುಳ್ಳಲ್ಲ, ಲಕ್ಷದ್ವೀಪದಾಗ ಟ್ಯೂನಾ ಹಿಡಿಯೋದು ಹಂಗೇ, ಸಣ್ಣ ಜೀವಂತ ಮೀನು ನೀರಿಗೆ ಎರಚಿ, ಟ್ಯೂನಾ ಮುತ್ತಿಕೊಂಡಾಗ ಕೋಲಿಂದ ಒಂದೊಂದೇ ಎತ್ತಿ ಹಾಕ್ತಾರೆ, ಮಿನಿಕಾಯ್ ದ್ವೀಪದೋರು ಅದ್ರಾಗ ಭಾರಿ ಎತ್ತಿದ ಕೈ. ಆದ್ರೆ ಮಳೆಗಾಲದಾಗ ಆ ದೋಣಿಗಳು ದಡದಾಗೇ ಇರ್ತಾವೆ, ಮತ್ತೆ ಜುಲೈನಾಗ "ನಿನ್ನೆ ಹಿಡಿದಿದ್ದು" ಎಲ್ಲಿಂದ ಬರಬೇಕು? ಅಲ್ಲಿಂದ ಕೊಚ್ಚಿಗೆ ಹಡಗೇ 14ರಿಂದ 18 ತಾಸು, ಆಮೇಲೆ ಬಳ್ಳಾರಿ ತನಕ ರೋಡು. ಅದಕ್ಕೇ ಅಲ್ಲೀ ಜನ ಬಹಳಷ್ಟು ಮೀನು ಬೇಯ್ಸಿ, ಹೊಗೆ ಕೊಟ್ಟು, ಒಣಗ್ಸಿ "ಮಾಸ್" ಮಾಡಿ ಮಾರೋದು.

ಫೋನ್ ಮಾಡಿ ಕೇಳಿದ್ರೆ ಆಸಾಮಿ ಉಲ್ಟಾ ಹೊಡೆದ, ಅಣ್ಣಾ ಅದು ಮಲ್ಪೆ ಬೋಟಿನ ಮಾಲು ಅಂತ. ನಮ್ ಕರಾವಳಿಯಾಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬರೀ ಸಣ್ಣ ನಾಡದೋಣಿ ಓಡಾಡ್ತಾವೆ. ಆಂಧ್ರದ ಕಡೆ ಜೂನ್ 14ಕ್ಕೇ ನಿಷೇಧ ಮುಗೀತದೆ, ಅಲ್ಲಿಂದ ಬಂದಿದ್ರೂ ಬಂದಿರಬಹುದು, ಹಂಗಿದ್ರೆ ಅದನ್ನೇ ಹೇಳ್ಬೇಕಿತ್ತು, ಬಾಕ್ಸಿನಾಗ ಐಸ್ ಆದ್ರೂ ಸರಿಯಾಗಿ ತುಂಬ್ಬೇಕಿತ್ತು. ಬಿಲ್ ಕೇಳ್ದೆ, ಆಹಾರ ಮಾರೋರಿಗೆ ಸರ್ಕಾರ ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಕೇಳ್ದೆ, ಬ್ಲಾಕ್ ಮಾಡ್ದ.

ಈಗ ಅದೇ ತೆಂಗಿನಮರದ ಫೋಟೋ ಬೇರೆ ಹೆಸರಿನಾಗ "ಅಂಡಮಾನ್ ಸಿಗಡಿ" ಅಂತ ಓಡಾಡ್ತಾ ಐತೆ. ನಿಮ್ ಗ್ರೂಪಿಗೆ ಬಂದ್ರೆ ಮೊದ್ಲು ಲೈಸೆನ್ಸ್ ನಂಬರ್ ಕೇಳ್ರಿ. ತಿಂದು ಮುಖ ಕೆಂಪಾಗಿ ಉಸಿರಾಡಾಕೆ ಕಷ್ಟ ಆದ್ರೆ ಮಜ್ಜಿಗೆ ಕುಡ್ಕಂಡು ಕೂರಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಹೋಗಿ ಯಾವ ಮೀನು ಅಂತ ಹೇಳ್ರಿ.