ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ, ನೀಲ್‌ನಲ್ಲಿ ಮೂರು ರಾತ್ರಿ

"ತೆಂಗಿನ ಮರ ನೋಡೋಕೆ ವಿಮಾನ ಹತ್ತಬೇಕೇನೇ? ತೋಟದಲ್ಲೇ ಮಂಚ ಹಾಕ್ಕೊಡ್ತೀನಿ, ಮಲಗು" ಅಂದರು ಅತ್ತೆ. ತಿಪಟೂರಿನವರ ಬಾಯಲ್ಲಿ ಈ ಮಾತು ಬಂದರೆ ತಪ್ಪೆನ್ನುವ ಹಾಗಿಲ್ಲ. ಆದರೂ ಡಿಸೆಂಬರಿನಲ್ಲಿ ಅವರನ್ನೂ ಹೊರಡಿಸಿಕೊಂಡು ಅಂಡಮಾನಿಗೆ ಹೋದೆವು. ನೋಡುವುದಕ್ಕಿಂತ ಸುಮ್ಮನೆ ಕೂರುವುದೇ ನಮ್ಮ ಉದ್ದೇಶ. ಎರಡು ದ್ವೀಪ, ಎರಡು ಮನೆ. ಎರಡೂ ಕಡೆ ಬಾಡಿಗೆಯಲ್ಲೇ ಬೆಳಗಿನ ತಿಂಡಿ ಸೇರಿತ್ತು.

ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಅಂತಲೂ ನೀಲ್‌ಗೆ ಶಹೀದ್ ದ್ವೀಪ ಅಂತಲೂ 2018ರಲ್ಲಿ ಹೆಸರಿಟ್ಟರು. ದೋಣಿಕಟ್ಟೆಯಲ್ಲಿ ಜನರ ಬಾಯಲ್ಲಿ ಮಾತ್ರ ಹಳೇ ಹೆಸರೇ ಓಡಾಡುತ್ತೆ.

ಹ್ಯಾವ್‌ಲಾಕ್‌ನಲ್ಲಿ ನಾವಿದ್ದದ್ದು ಪೂರ್ವದ ದಡದಲ್ಲಿ, ವಿಜಯನಗರ ಬೀಚಿನ ಹತ್ತಿರ. ರಾತ್ರಿಗೆ 3,800 ರೂಪಾಯಿ. ಕೋಣೆ ಚೊಕ್ಕ, ಬಿಸಿನೀರು ತಪ್ಪಲಿಲ್ಲ. ಕಡಲು ಕಾಣುವ ಕೋಣೆ ಅಂದಿದ್ದರು, ಕಂಡದ್ದೂ ನಿಜ. ಆದರೆ ಕಿಟಕಿಯ ಕೆಳಗೇ ಜನರೇಟರ್ ಇದೆ ಅಂತ ಯಾರೂ ಹೇಳಿರಲಿಲ್ಲ. ಕರೆಂಟು ಹೋದಾಗಲೆಲ್ಲ ಅದು ಗುಡುಗುತ್ತಿತ್ತು, ಕರೆಂಟು ದಿನಾ ಹೋಗುತ್ತಿತ್ತು. ತಿಂಡಿ ಎಂಟಕ್ಕೆ: ಬ್ರೆಡ್ಡು, ಜಾಮು, ಆಮ್ಲೆಟ್ಟು. ಅಲ್ಲಿ ಐದೂವರೆಗೆಲ್ಲ ಬೆಳಕು ಹರಿದಿರುತ್ತೆ. ಮೊಟ್ಟೆ ಮುಟ್ಟದ ಅತ್ತೆ ಎರಡೂವರೆ ಗಂಟೆ ಕಾದು ಬ್ರೆಡ್ಡಿನ ಮುಖ ನೋಡಿದಾಗ ನನಗೇ ಪಾಪ ಅನ್ನಿಸಿತು.

ಸಂಜೆ ಐದಕ್ಕೆ ಸೂರ್ಯ ಮುಳುಗಿಯೇ ಬಿಡುತ್ತಾನೆ. ಗಡಿಯಾರ ನಮ್ಮದೇ, ದ್ವೀಪ ಮಾತ್ರ ಅಷ್ಟು ಪೂರ್ವಕ್ಕಿದೆ. ಮಧ್ಯಾಹ್ನ ನಿದ್ದೆ ಹೊಡೆದೆದ್ದರೆ ದಿನವೇ ಮುಗಿದಿರುತ್ತೆ. ಮೊದಲ ದಿನ ನಮಗೆ ಆದದ್ದೂ ಅದೇ.

ರಾಧಾನಗರ ಬೀಚಿಗೆ ಮಾತ್ರ ಎದುರಿಲ್ಲ. ದೋಣಿಕಟ್ಟೆಯಿಂದ ಸುಮಾರು 12 ಕಿ.ಮೀ., ದ್ವೀಪದ ಪಶ್ಚಿಮಕ್ಕೆ. ಬೆನ್ನಿಗೆ ಎತ್ತರದ ಕಾಡು, ಮುಂದೆ ಹಿಟ್ಟಿನಂಥ ಬಿಳಿ ಮರಳು. ನೀಲ್‌ನ ಬೀಚುಗಳನ್ನೆಲ್ಲ ಒಟ್ಟು ಹಾಕಿದರೂ ಇದಕ್ಕೆ ಸಾಟಿಯಾಗಲ್ಲ. ಆದರೆ ಅಲ್ಲಿಗೆ ದಿನಾ ಆಟೋ ಹಿಡಿಯಬೇಕು. ನಮ್ಮ ಕೋಣೆಯ ಮುಂದಿನ ಕಡಲೋ, ಇಳಿತದ ಹೊತ್ತಿಗೆ ದೂರ ಸರಿದು ಕಲ್ಲು, ಸತ್ತ ಹವಳವನ್ನಷ್ಟೇ ಬಿಟ್ಟು ಹೋಗುತ್ತಿತ್ತು. ಈಜುವ ಮಾತೇ ಇಲ್ಲ, ಕೋಣೆಗೆ ವಾಪಸ್ ಬಂದರೆ ಜನರೇಟರ್.

ಇಳಿತ ನೀಲ್‌ನಲ್ಲೂ ಇದ್ದದ್ದೇ, ಆದರೆ ಅಲ್ಲಿ ಅದಕ್ಕೇ ಕಾಯಬೇಕು. ಲಕ್ಷ್ಮಣಪುರದ ದಡದಲ್ಲಿ ಕಲ್ಲಿನ ಕಮಾನೊಂದಿದೆ. ನೀರು ಇಳಿದಾಗಲೇ ಅದರ ಬುಡಕ್ಕೆ ನಡೆದು ಹೋಗಲಾಗುವುದು. ದಾರಿಯ ಗುಂಡಿಗಳಲ್ಲಿ ಪುಟ್ಟ ಮೀನು, ಏಡಿ, ಕಡಲಸೌತೆ ಅನ್ನುವ ಮೆತ್ತನೆಯ ಜೀವಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಚಪ್ಪಲಿಯಲ್ಲಿ ಹೋದ ನಮ್ಮ ಯಜಮಾನರು ಪಾಚಿಯ ಮೇಲೆ ಜಾರಿ ಮೊಣಕೈ ತರಚಿಕೊಂಡರು. ಚಿಪ್ಪು, ಹವಳ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ, ಕಾನೂನಿದೆ.

ನೀಲ್‌ನ ಮನೆ ಸೀತಾಪುರದ ಕಡೆ, ತರಕಾರಿ ಹೊಲದ ನಡುವೆ, 2,200 ರೂಪಾಯಿ. ನೀರು ಸವಳು, ಸೋಪು ನೊರೆ ಬರಲ್ಲ. ಫೋನಿಗೆ ಸಿಗ್ನಲ್ ಬೇಕಾದರೆ ರಸ್ತೆಗೆ ಬರಬೇಕು. ಬಚ್ಚಲಲ್ಲಿ ಒಂದು ಕಪ್ಪೆ ಮೂರು ದಿನವೂ ನಮ್ಮ ಜೊತೆಗೇ ಇತ್ತು. ಆದರೆ ಆರೂವರೆಗೆ ಜಗಲಿಗೇ ಚಹಾ ಬರುತ್ತಿತ್ತು, ಹಿಂದೆಯೇ ಬಿಸಿ ಪೂರಿ, ಆಲೂಗಡ್ಡೆ ಪಲ್ಯ. ಮೀನು ಬೇಯಿಸುವ ಮನೆ, ನಿಜ. ನಾವು ತಿನ್ನಲ್ಲ ಅಂದದ್ದಕ್ಕೆ ಬೇರೆ ಬಾಣಲೆ ತೆಗೆದು, ಅತ್ತೆಯ ಕಣ್ಣೆದುರೇ ಬೂದಿ ಹಾಕಿ ತಿಕ್ಕಿದಳು ಆ ಮನೆಯಾಕೆ.

ಅವಳು ಬಂಗಾಳಿ. ಅಂಗಳದಲ್ಲಿ ಒಡೆದ ತೆಂಗಿನಹೋಳುಗಳನ್ನು ಬಿಸಿಲಿಗೆ ಹರವಿದ್ದಳು. ಅತ್ತೆ ಒಂದು ಹೋಳು ಎತ್ತಿ ಮೂಸಿದರು. "ನಾರ್ಕೇಲ್" ಅಂದಳು ಅವಳು. "ನಾರಿಕೇಳ! ಗೊತ್ತಾಯ್ತು ಬಿಡಮ್ಮ" ಅಂತ ಅತ್ತೆ ಅಲ್ಲೇ ಕೂತು ಕನ್ನಡದಲ್ಲೇ ಪಾಠ ಶುರು ಮಾಡಿದರು: ಕಾಯಿ ಒಡೀಬಾರದು, ಅಟ್ಟದ ಮೇಲೆ 10–11 ತಿಂಗಳು ಬಿಡಬೇಕು, ಕೊಬ್ಬರಿ ಒಳಗೇ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು, ಆಗ ಸಿಗುತ್ತೆ ಉಂಡೆ ಕೊಬ್ಬರಿ. ಅವಳು ನಗುತ್ತಾ ತನ್ನ ಮನೆಯ ತಗಡಿನ ಸೂರು ತೋರಿಸಿದಳು. ಅಟ್ಟ ಎಲ್ಲಿ? ಅತ್ತೆ ಅದನ್ನೊಮ್ಮೆ ನೋಡಿ, "ಈ ಮಳೆ ಸೀಮೇಲಿ ಬೂಷ್ಟು ಹಿಡಿಯುತ್ತೋ ಏನೋ" ಅಂತ ಒಪ್ಪಿಕೊಂಡರು. ನನ್ನ ಆರು ದಿನದ ವಿಶ್ರಾಂತಿಯಲ್ಲಿ ಅತ್ಯುತ್ತಮವಾದದ್ದು ಆ ಒಂದು ಗಂಟೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಮಕ್ಕಳಿರುವವರು, ಸ್ಕೂಬಾ ಮಾಡುವವರು ಹ್ಯಾವ್‌ಲಾಕ್‌ನಲ್ಲೇ ಇರಿ. ಕೋಣೆ ಹಿಡಿಯುವ ಮೊದಲು ಜನರೇಟರ್ ಎಲ್ಲಿದೆ ಅಂತ ಕೇಳಿ. ನಮ್ಮದಂತೂ ತೀರ್ಮಾನವಾಗಿದೆ: ಮುಂದಿನ ಸಲ ಹ್ಯಾವ್‌ಲಾಕ್‌ನಲ್ಲಿ ಒಂದೇ ರಾತ್ರಿ, ಅದೂ ರಾಧಾನಗರದ ಸಂಜೆಗೋಸ್ಕರ. ಉಳಿದದ್ದೆಲ್ಲ ನೀಲ್. ಅತ್ತೆ ಆಗಲೇ ಅಟ್ಟದಿಂದ ನಾಲ್ಕು ಉಂಡೆ ಕೊಬ್ಬರಿ ಇಳಿಸಿ ಬೇರೆ ಇಟ್ಟಿದ್ದಾರೆ, ಅವಳಿಗೆ ತೋರಿಸೋಕೆ.